‘ಮ ದ್ವಾರೆ ಕಾಪುಲ್’: ರೊಮೇನಿಯನ್ ವಾಕ್ಯದಲ್ಲಿ ಯಾವ ಪದ ಎಲ್ಲಿ ಕೂರುತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ತೀರ್ಥಹಳ್ಳಿ ಕಡೆಯವಳು. ರೊಮೇನಿಯಾದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಈಗ ಮೂರನೇ ವರ್ಷ. ಮೊದಲ ಎರಡು ವರ್ಷ ರೊಮೇನಿಯನ್ ಭಾಷೆಯ ಕ್ಲಾಸ್ ಇತ್ತು, ಪಾಸೂ ಆದೆ. ಈಗ ವಾರ್ಡಿಗೆ ಹೋಗಿ ರೋಗಿಗಳನ್ನು ಮಾತಾಡಿಸಬೇಕು. ಪದಗಳು ಗೊತ್ತು, ವಾಕ್ಯ ಮಾತ್ರ ಕೂಡಿ ಬರಲ್ಲ. ಮೊನ್ನೆ ಒಬ್ಬರು ಅಜ್ಜಿಗೆ ‘ನಿಮ್ಮ ತಲೆ ನೋಯುತ್ತಾ’ ಅಂತ ಕೇಳಲು ಹೋಗಿ, ಇಂಗ್ಲಿಷಿನಿಂದ ಮನಸ್ಸಿನಲ್ಲೇ ತರ್ಜುಮೆ ಮಾಡಿ ಏನೋ ಹೇಳಿದೆ. ಅಜ್ಜಿ ಸುಮ್ಮನೆ ಮುಖ ನೋಡಿದರು, ಪಕ್ಕದ ಬೆಡ್ಡಿನವರು ನಕ್ಕರು. ಟೀಚರ್ ‘ಕರ್ತೃ, ಕ್ರಿಯಾಪದ, ಕರ್ಮ, ಅಷ್ಟೇ’ ಅಂದಿದ್ದರು. ನನ್ನ ಸೀನಿಯರ್ ಒಬ್ಬ ‘ಇದು ಲ್ಯಾಟಿನ್ ಮಗಳು, ಯಾವ ಪದ ಎಲ್ಲಿಟ್ಟರೂ ನಡೆಯುತ್ತೆ’ ಅಂತಾನೆ. ವಾರ್ಡಿನಲ್ಲಿ ಕಿವಿಗೆ ಬೀಳುವುದು ಎರಡಕ್ಕೂ ಹೊಂದುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಇದು ಬರುವುದೇ ಇಲ್ವಾ? ಇನ್ನೊಂದು ಸಣ್ಣ ವಿಷಯ. ಒಬ್ಬರು ತಾತ ದಿನಾ ನನ್ನನ್ನು ನೋಡಿ ‘ಸರುತ್ ಮಿನಾ’ ಅಂತಾರೆ. ಅದರಲ್ಲಿ ‘ನಾನು’ ಇಲ್ಲ, ‘ನಿಮ್ಮ’ ಇಲ್ಲ. ಇದು ಯಾವ ಸೀಮೆ ವಾಕ್ಯ?

ಉತ್ತರ: ತಾತನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಅದು ಒಳ್ಳೆಯ ಪ್ರಶ್ನೆ. ಮೊದಲು ಆ ಅಜ್ಜಿಯ ತಲೆನೋವು ನೋಡೋಣ.

ಅದಕ್ಕೂ ಮುಂಚೆ ಬರಹದ ಬಗ್ಗೆ ಒಂದು ಮಾತು. ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ರೊಮೇನಿಯನ್ನಿನಲ್ಲಿ ತಲೆ ಮೇಲೆ ಬಟ್ಟಲಿನಂಥ ಗುರುತು ಇರುವ ‘ಎ’ ಅಕ್ಷರದ ಉಚ್ಚಾರ ನಮ್ಮ ‘ಅ’ಕಾರಕ್ಕೆ ಬಹಳ ಹತ್ತಿರ. ಹಾಗಾಗಿ ಅದನ್ನು ‘ಅ’ ಎಂದೂ, ಸಾಧಾರಣ ‘ಎ’ಯನ್ನು ‘ಆ’ ಎಂದೂ ಬರೆದಿದ್ದೇನೆ. ಟೋಪಿ ಹಾಕಿದ ಅಕ್ಷರದ ಸ್ವರ ನಮ್ಮಲ್ಲಿಲ್ಲ, ಅದು ‘ಇ’ಗೂ ‘ಉ’ಗೂ ನಡುವೆ ಎಲ್ಲೋ ಇದೆ. ಇಲ್ಲಿ ಅದಕ್ಕೆ ‘ಇ’ ಹಾಕಿದ್ದೇನೆ. ನೀವು ಅಲ್ಲೇ ಇರುವುದರಿಂದ ನಿಜವಾದ ದನಿ ನಿಮ್ಮ ಕಿವಿಗೆ ಗೊತ್ತೇ ಇದೆ.

ನೀವು ಬಹುಶಃ ‘ಕಾಪುಲ್ ವೊಸ್ತ್ರು ದ್ವಾರೆ?’ ಎನ್ನುವಂಥದ್ದೇನೋ ಕೇಳಿರಬೇಕು. ‘ನಿಮ್ಮ ತಲೆ ನೋಯುತ್ತದೆಯೇ’ ಎಂಬುದರ ಪದಕ್ಕೆ ಪದ ತರ್ಜುಮೆ. ನನ್ನ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಎಂಟು ಜನ ಮೊದಲ ವಾರ ಇದನ್ನೇ ಹೇಳುತ್ತಾರೆ. ರೊಮೇನಿಯನ್ನಿನಲ್ಲಿ ಹಾಗೆ ಹೇಳುವುದಿಲ್ಲ. ಅವರು ಹೇಳುವುದು ‘ವ ದ್ವಾರೆ ಕಾಪುಲ್?’ ಬಿಡಿಸಿದರೆ: ‘ವ’ ಅಂದರೆ ನಿಮ್ಮನ್ನು, ‘ದ್ವಾರೆ’ ಅಂದರೆ ನೋಯಿಸುತ್ತದೆ, ‘ಕಾಪುಲ್’ ಅಂದರೆ ತಲೆ. ನೋಯಿಸುವುದು ತಲೆ, ನೋಯಿಸಿಕೊಳ್ಳುವವರು ಅಜ್ಜಿ. ಕರ್ತೃ ಕೊನೆಯಲ್ಲಿ ಕೂತಿದೆ, ಕರ್ಮ ಎಲ್ಲಕ್ಕಿಂತ ಮುಂದೆ ಬಂದಿದೆ. ಟೀಚರ್ ಹೇಳಿದ ಕ್ರಮ ಪೂರ್ತಿ ತಲೆಕೆಳಗು. ಆದರೂ ಇದು ಅಪರೂಪದ ವಾಕ್ಯವಲ್ಲ, ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ವಾಕ್ಯ.

ಹಾಗಾದರೆ ಟೀಚರ್ ತಪ್ಪಾ? ಇಲ್ಲ. ‘ಇಯೋನ್ ಚಿತೆಶ್ತೆ ಕಾರ್ತ್ಯಾ’, ಇಯೋನ್ ಪುಸ್ತಕ ಓದುತ್ತಾನೆ. ಕರ್ತೃ, ಕ್ರಿಯಾಪದ, ಕರ್ಮ. ವಿವರಣೆ ಬೇಡದ ಸಾದಾ ವಾಕ್ಯ ಹೀಗೇ ಇರುತ್ತದೆ. ಅನುಮಾನ ಬಂದಾಗ ಇದನ್ನೇ ಹಿಡಿದುಕೊಳ್ಳಿ, ಜನರಿಗೆ ಅರ್ಥವಾಗುತ್ತದೆ. ಸೀನಿಯರ್ ಹೇಳಿದ್ದರಲ್ಲೂ ಅರ್ಧ ನಿಜವಿದೆ. ‘ಆ ವೆನಿತ್ ದೋಕ್ತೊರುಲ್’ ಅಂದರೂ ಸರಿ, ‘ದೋಕ್ತೊರುಲ್ ಆ ವೆನಿತ್’ ಅಂದರೂ ಸರಿ, ಎರಡೂ ‘ಡಾಕ್ಟರು ಬಂದರು’. ಆದರೆ ಎರಡೂ ಒಂದೇ ಅಲ್ಲ. ವಾರ್ಡಿನಲ್ಲಿ ದಿಢೀರ್ ಗಡಿಬಿಡಿ ಶುರುವಾಯಿತು, ‘ಏನಾಯ್ತು?’ ಅಂತ ಕೇಳಿದಿರಿ. ಉತ್ತರ ‘ಆ ವೆನಿತ್ ದೋಕ್ತೊರುಲ್’. ಡಾಕ್ಟರು ಬಂದದ್ದೇ ಅಲ್ಲಿ ಸುದ್ದಿ. ಅದೇ ‘ಡಾಕ್ಟರು ಏನಾದರು?’ ಅಂತ ಕೇಳಿದ್ದರೆ ‘ದೋಕ್ತೊರುಲ್ ಆ ವೆನಿತ್’. ಡಾಕ್ಟರ ವಿಷಯ ಆಗಲೇ ಮಾತಿನಲ್ಲಿದೆ, ಹೊಸದು ಅವರು ಬಂದದ್ದು. ಗೊತ್ತಿರುವುದು ಮುಂದೆ, ಹೊಸದು ಹಿಂದೆ. ನಮ್ಮ ಮನೆಗಳಲ್ಲೂ ‘ಬಂದ ನೋಡು ನಿನ್ನ ತಮ್ಮ’ ಅನ್ನುವುದಕ್ಕೂ ‘ನಿನ್ನ ತಮ್ಮ ಬಂದ’ ಅನ್ನುವುದಕ್ಕೂ ದನಿ ಬೇರೆ ಅಲ್ವಾ?

ಇದು ಈಗಿನವರ ಚಾಳಿಯೂ ಅಲ್ಲ. ರೊಮೇನಿಯನ್ನಿನಲ್ಲಿ ಇವತ್ತಿಗೆ ಉಳಿದಿರುವ, ಇಸವಿ ಸಮೇತ ಗೊತ್ತಿರುವ ಅತಿ ಹಳೆಯ ಬರಹ 1521ರ ಒಂದು ಕಾಗದ. ಕಿಂಪುಲುಂಗ್ ಊರಿನ ನ್ಯಾಕ್ಷು ಎಂಬ ವ್ಯಾಪಾರಿ ಬ್ರಾಶೋವ್ ನಗರದ ಮುಖ್ಯಸ್ಥನಿಗೆ ತುರ್ಕರ ಚಲನವಲನದ ಸುದ್ದಿ ಬರೆದದ್ದು. ಆಗ ಲಿಪಿ ಸಿರಿಲಿಕ್. ಅದರಲ್ಲಿ ಒಂದು ಕಡೆ ‘ಕುಮ್ ಆಮ್ ಆವುಜ಼ಿತ್ ಯೆವ್’ ಅಂತ ಬರುತ್ತದೆ. ‘ನಾನು ಕೇಳಿದ ಹಾಗೆ’ ಎಂದರ್ಥ. ‘ಯೆವ್’ ಅಂದರೆ ನಾನು. ಐನೂರು ವರ್ಷದ ಹಿಂದೆಯೂ ‘ನಾನು’ ಕ್ರಿಯಾಪದದ ಹಿಂದೆ ಹೋಗಿ ಕೂತಿತ್ತು.

ಸೀನಿಯರ್ ಜಾರಿಬಿದ್ದದ್ದು ‘ಯಾವ ಪದ ಎಲ್ಲಿಟ್ಟರೂ’ ಎನ್ನುವಲ್ಲಿ. ಇಯೋನ್, ಡಾಕ್ಟರು, ಪುಸ್ತಕ, ನಿನ್ನೆ, ಮನೆಯಲ್ಲಿ, ಇಂಥ ದೊಡ್ಡ ಪದಗಳು ಓಡಾಡಬಹುದು. ನಾನು ‘ಸಣ್ಣವು’ ಎಂದು ಕರೆಯುವ ಪದಗಳು ಒಂದಿಂಚೂ ಅಲುಗುವುದಿಲ್ಲ. ‘ನು’ (ಇಲ್ಲ), ‘ಮ’ (ನನ್ನನ್ನು), ‘ವ’ (ನಿಮ್ಮನ್ನು), ‘ಇಲ್’ (ಅವನನ್ನು), ‘ಒ’ (ಅವಳನ್ನು), ‘ಮಾಯ್’ (ಇನ್ನೂ), ‘ಸ’ (ನಮ್ಮ ‘ಹೋಗಲು’, ‘ಬರಲಿ’ಗಳ ಕೆಲಸ ಮಾಡುವ ಪದ), ಭೂತಕಾಲದ ‘ಆಮ್’, ‘ಆ’. ಇವೆಲ್ಲ ಕ್ರಿಯಾಪದದ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ, ಸಾಲು ಬದಲಾಗುವುದಿಲ್ಲ. ನಿಮಗೆ ಕಷ್ಟವಾಗುತ್ತಿರುವುದು ಕರ್ತೃ-ಕರ್ಮದ ಜಾಗ ಅಲ್ಲವೇ ಅಲ್ಲ. ಈ ಸಾಲು.

ಇಲ್ಲಿ ನಿಮ್ಮ ಕನ್ನಡ ಮೀಡಿಯಂ ಕೈಹಿಡಿಯುತ್ತದೆ. ‘ಬರುತ್ತಿರಲಿಲ್ಲವಂತೆ’ ಎಂಬ ಪದ ತಗೊಳ್ಳಿ. ಬರು, ಉತ್ತ, ಇರು, ಇಲ್ಲ, ಅಂತೆ, ಇಷ್ಟೂ ಒಂದೇ ಪದದೊಳಗೆ ಇವೆ. ‘ಬರುವಂತೆಲಿಲ್ಲತ್ತಿರ’ ಅಂತ ಯಾರಾದರೂ ಹೇಳಿದರೆ ನೀವೂ ನಗುತ್ತೀರಿ. ಆದರೆ ‘ಅಣ್ಣ ನಿನ್ನೆ ಮನೆಗೆ’ ಅಥವಾ ‘ನಿನ್ನೆ ಮನೆಗೆ ಅಣ್ಣ’, ಇದು ನಿಮ್ಮಿಷ್ಟ. ಅಂದರೆ ನಮ್ಮಲ್ಲೂ ಹೊರಗಿನ ಪದಗಳು ಸಡಿಲ, ಕ್ರಿಯಾಪದದ ಒಳಗೆ ಬಿಗಿ. ರೊಮೇನಿಯನ್ನಿನಲ್ಲಿ ಆ ಬಿಗಿಯಾದ ಭಾಗ ಕ್ರಿಯಾಪದದ ಹಿಂದೆ ಅಂಟುವ ಬದಲು ಮುಂದೆ ಅಂಟಿದೆ. ಬರೆಯುವಾಗ ನಡುವೆ ಜಾಗ ಬಿಡುತ್ತಾರೆ, ಅದಕ್ಕೇ ಬೇರೆ ಬೇರೆ ಪದ ಅನ್ನಿಸಿ ನಾವು ಮೋಸ ಹೋಗುತ್ತೇವೆ. ಬಾಯಲ್ಲಿ ಅದು ಒಂದೇ ಪದ.

ತಲೆನೋವಿನ ಪದವನ್ನೇ ಇಟ್ಟುಕೊಂಡು ಬೆಳೆಸೋಣ. ‘ದ್ವಾರೆ’, ನೋಯುತ್ತದೆ. ‘ಮ ದ್ವಾರೆ’, ನನಗೆ ನೋಯುತ್ತದೆ. ‘ನು ಮ ದ್ವಾರೆ’, ನನಗೆ ನೋಯುವುದಿಲ್ಲ. ‘ನು ಮ ಮಾಯ್ ದ್ವಾರೆ’, ನನಗೆ ಈಗ ನೋವಿಲ್ಲ, ಹೋಯಿತು. ಭೂತಕಾಲ ಹಾಕಿದರೆ ‘ನು ಮಾ ಮಾಯ್ ದುರುತ್’, ಆಮೇಲೆ ನನಗೆ ಮತ್ತೆ ನೋಯಲಿಲ್ಲ. ಇಲ್ಲಿ ‘ಮ’ ಮತ್ತು ‘ಆ’ ಸೇರಿ ‘ಮಾ’ ಆಗಿದೆ, ನಮ್ಮ ಸಂಧಿಯ ಹಾಗೆಯೇ. ಆಸೆಯಾಗಿ ಹೇಳಿದರೆ ‘ವ್ರ್ಯಾವ್ ಸ ನು ಮ ಮಾಯ್ ದ್ವಾರ’, ಇನ್ನು ನೋಯದಿದ್ದರೆ ಸಾಕು. ಸಾಲು ಗಮನಿಸಿ: ಮೊದಲು ‘ಸ’, ಆಮೇಲೆ ‘ನು’, ಆಮೇಲೆ ಯಾರಿಗೆ, ಯಾರನ್ನು ಎಂಬ ಸಣ್ಣ ಪದ, ಆಮೇಲೆ ಕಾಲ ಹೇಳುವ ಪದ, ಆಮೇಲೆ ‘ಮಾಯ್’, ಕೊನೆಗೆ ಕ್ರಿಯಾಪದ. ಎಲ್ಲ ಜಾಗವೂ ಪ್ರತಿ ಸಲ ತುಂಬಬೇಕಿಲ್ಲ. ಖಾಲಿ ಇದ್ದರೆ ಹಿಂದಿನದು ಮುಂದೆ ಸರಿಯುತ್ತದೆ, ಅಷ್ಟೇ.

‘ಯಾರಿಗೆ’ ಮತ್ತು ‘ಏನನ್ನು’ ಎರಡೂ ಬಂದರೆ ‘ಯಾರಿಗೆ’ ಮುಂದೆ. ಔಷಧಿಯ ಬಗ್ಗೆ ಕೇಳಿದಾಗ ರೋಗಿ ಹೇಳುತ್ತಾರೆ, ‘ಮಿ ಲಾ ದಾತ್ ದೋಕ್ತೊರುಲ್’. ನನಗೆ ಅದನ್ನು ಕೊಟ್ಟದ್ದು ಡಾಕ್ಟರು. ‘ಮಿ’ ನನಗೆ, ‘ಲ್’ ಅದನ್ನು. ನಾವೂ ‘ನನಗೆ ಅದನ್ನು ಕೊಟ್ಟರು’ ಅಂತಲೇ ಹೇಳುವುದು, ಹಾಗಾಗಿ ಇದು ನೆನಪಿಟ್ಟುಕೊಳ್ಳುವುದು ಸುಲಭ.

ಒಂದು ತರಲೆ ಪದ ಇದೆ, ‘ಒ’. ‘ಅವಳನ್ನು’ ಅಥವಾ ಸ್ತ್ರೀಲಿಂಗದ ವಸ್ತುವನ್ನು ಸೂಚಿಸುವುದು. ವರ್ತಮಾನದಲ್ಲಿ ಮರ್ಯಾದೆಯಾಗಿ ಮುಂದೆ ಇರುತ್ತದೆ: ‘ಒ ವದ್’, ಅವಳನ್ನು ನೋಡುತ್ತಿದ್ದೇನೆ. ಭೂತಕಾಲ ಬಂದ ಕೂಡಲೇ ಹಿಂದಕ್ಕೆ ಹಾರುತ್ತದೆ: ‘ಆಮ್ ವಜ಼ುತ್-ಒ’, ಅವಳನ್ನು ನೋಡಿದೆ. ಪುಲ್ಲಿಂಗದ ‘ಇಲ್’ ಹಾಗೆ ಮಾಡುವುದಿಲ್ಲ: ‘ಲಾಮ್ ವಜ಼ುತ್’, ಅವನನ್ನು ನೋಡಿದೆ. ‘ರೆತ್ಸೆತ’ (ಚೀಟಿ) ಸ್ತ್ರೀಲಿಂಗ, ಆದ್ದರಿಂದ ‘ಅದನ್ನು ಡಾಕ್ಟರು ನನಗೆ ಕೊಟ್ಟರು’ ಅನ್ನಲು ‘ಮ್ಯಾ ದಾತ್-ಒ ದೋಕ್ತೊರುಲ್’. ಇದನ್ನು ನಿಯಮದಿಂದ ಕಲಿಯಲು ಹೋಗಬೇಡಿ. ಎರಡು ವಾಕ್ಯ ಬಾಯಿಪಾಠ ಮಾಡಿ, ಉಳಿದದ್ದು ತಾನಾಗಿ ಬರುತ್ತದೆ.

ಆಜ್ಞೆ ಕೊಡುವಾಗಲೂ ಸಾಲು ಒಡೆಯುತ್ತದೆ, ಇದು ನಿಮಗೆ ವಾರ್ಡಿನಲ್ಲಿ ತಕ್ಷಣ ಬೇಕು. ‘ರಿದಿಕಾತ್ಸಿ-ವ’ ಅಂದರೆ ಏಳಿ. ‘ನು ವ ರಿದಿಕಾತ್ಸಿ’ ಅಂದರೆ ಏಳಬೇಡಿ. ಮಾಡಿ ಅನ್ನುವಾಗ ‘ವ’ ಹಿಂದೆ, ಬೇಡ ಅನ್ನುವಾಗ ಮುಂದೆ. ಒಂದು ಉಪಯೋಗ ನೋಡಿ. ಗದ್ದಲದಲ್ಲಿ ‘ನು’ ಸರಿಯಾಗಿ ಕೇಳದಿದ್ದರೂ ‘ವ’ ಎಲ್ಲಿದೆ ಅನ್ನುವುದರಿಂದಲೇ ಏಳಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ.

ಇನ್ನು ಲ್ಯಾಟಿನ್ ಮಾತು. ಲ್ಯಾಟಿನ್ನಿನಲ್ಲಿ ಪದಗಳು ಮನಸೋ ಇಚ್ಛೆ ಓಡಾಡಬಹುದಿತ್ತು, ಯಾಕೆಂದರೆ ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಅಂಟಿರುತ್ತಿತ್ತು. ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ, ನಮ್ಮ ಹಾಗೆ. ಟ್ರಾಜನ್ ಚಕ್ರವರ್ತಿ 106ರಲ್ಲಿ ಡೇಸಿಯಾವನ್ನು ಗೆದ್ದ ಮೇಲೆ ಆ ಕಡೆ ಹರಡಿದ್ದು ಪುಸ್ತಕದ ಲ್ಯಾಟಿನ್ ಅಲ್ಲ, ಸೈನಿಕರ, ವಲಸೆ ಬಂದವರ ಆಡುಮಾತು. ಮುಂದೆ ಆ ಪ್ರತ್ಯಯಗಳು ಸವೆದುಹೋದವು. ಇಂದಿನ ರೊಮೇನಿಯನ್ನಿನಲ್ಲಿ ‘-ಗೆ’, ‘-ಅ’ ವಿಭಕ್ತಿಗಳಿಗೆ ಸೇರಿ ಒಂದು ರೂಪ ಉಳಿದಿದೆ, ಆದರೆ ಕರ್ತೃವಿಗೂ ಕರ್ಮಕ್ಕೂ ನಾಮಪದದ ರೂಪ ಒಂದೇ. ಹಾಗಿದ್ದರೆ ಇಯೋನ್ ಮರೀಯಾಳನ್ನು ನೋಡಿದನೋ, ಮರೀಯಾ ಇಯೋನನ್ನು ನೋಡಿದಳೋ, ಗೊತ್ತಾಗುವುದು ಹೇಗೆ? ಅದಕ್ಕೆ ಎರಡು ಗೂಟ ಹೊಡೆದುಕೊಂಡಿದ್ದಾರೆ.

ಮೊದಲನೆಯದು ‘ಪೆ’. ಕರ್ಮ ಒಬ್ಬ ನಿರ್ದಿಷ್ಟ ಮನುಷ್ಯನಾದರೆ ಅದರ ಮುಂದೆ ‘ಪೆ’ ಹಾಕಬೇಕು. ‘ಪುಸ್ತಕ ಓದಿದೆ’ ಅನ್ನಲು ‘ಆಮ್ ಚಿತಿತ್ ಕಾರ್ತ್ಯಾ’ ಸಾಕು, ‘ಪೆ’ ಬೇಡ. ‘ಇಯೋನನ್ನು ನೋಡಿದೆ’ ಅನ್ನಲು ‘ಲಾಮ್ ವಜ಼ುತ್ ಪೆ ಇಯೋನ್’. ಇಂಗ್ಲಿಷಿನಿಂದ ಬಂದವರಿಗೆ ಇದು ತಲೆಬಿಸಿ. ನಿಮಗೆ ಅಲ್ಲ. ನಾವು ‘ಪುಸ್ತಕ ಓದಿದೆ’ ಅನ್ನುತ್ತೇವೆ, ‘ಅನ್ನು’ ಬಿಟ್ಟರೂ ಯಾರೂ ಕೇಳುವುದಿಲ್ಲ. ‘ರಾಮ ನೋಡಿದೆ’ ಅನ್ನಲು ಆಗುತ್ತಾ? ‘ರಾಮನನ್ನು’ ಅನ್ನಲೇಬೇಕು. ಮನುಷ್ಯರಿಗೆ ಗುರುತು ಕಡ್ಡಾಯ, ವಸ್ತುವಿಗೆ ಸಡಿಲ. ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ, ಆದರೂ ಬುದ್ಧಿ ಒಂದೇ ಥರ ಓಡಿದೆ. ಎಲ್ಲಿ ನಿಮ್ಮ ಬಾಯಿಗೆ ‘ಅನ್ನು’ ಬಿಡಲು ಆಗುವುದಿಲ್ಲವೋ ಅಲ್ಲಿ ‘ಪೆ’ ಹಾಕಿ ನೋಡಿ. ಎಲ್ಲ ಕಡೆ ಸರಿಹೋಗದಿದ್ದರೂ ಬಹುಪಾಲು ಕಡೆ ಗೆಲ್ಲುತ್ತೀರಿ.

ಎರಡನೆಯ ಗೂಟ, ಒಂದೇ ಕರ್ಮವನ್ನು ಎರಡು ಸಲ ಹೇಳುವುದು. ಮೇಲಿನ ವಾಕ್ಯದಲ್ಲೇ ಇದೆ ನೋಡಿ: ‘ಲಾಮ್’ನಲ್ಲಿ ‘ಅವನನ್ನು’ ಇದೆ, ಮತ್ತೆ ‘ಪೆ ಇಯೋನ್’ ಕೂಡ ಇದೆ. ಕರ್ಮವನ್ನು ವಾಕ್ಯದ ಮುಂದಕ್ಕೆ ತಂದಾಗಲಂತೂ ಈ ಸಣ್ಣ ಪದ ಬೇಕೇ ಬೇಕು. ವಾರ್ಡಿನಲ್ಲಿ ಕೇಳುವಂಥದ್ದೇ ಒಂದು: ‘ಪೆ ಬುನಿಕಾ ಆ ಆದುಸ್-ಒ ವೆಚಿನುಲ್.’ ಅಜ್ಜಿಯನ್ನು ಕರೆದುಕೊಂಡು ಬಂದದ್ದು ಪಕ್ಕದ ಮನೆಯವರು. ಕರ್ಮ ಮೊದಲು, ಕ್ರಿಯಾಪದ ನಡುವೆ, ಕರ್ತೃ ಕೊನೆ. ‘ಕರ್ತೃ, ಕ್ರಿಯಾಪದ, ಕರ್ಮ’ ಅಂತಲೇ ಕಿವಿ ಕೊಟ್ಟರೆ ಅಜ್ಜಿಯೇ ಪಕ್ಕದ ಮನೆಯವರನ್ನು ಕರೆತಂದರು ಅಂತ ಬರೆದುಕೊಳ್ಳುತ್ತೀರಿ. ‘ಪೆ’ ಕೇಳಿಸಿದ ಕೂಡಲೇ ‘ಇದು ಅನ್ನು’ ಅಂತ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ದೊಡ್ಡ ಪದಗಳು ಅಷ್ಟು ಆರಾಮಾಗಿ ಓಡಾಡಲು ಆಗುವುದೇ ಸಣ್ಣ ಪದಗಳು ಹೀಗೆ ಕಾವಲು ನಿಂತಿರುವುದರಿಂದ.

‘ನನಗೆ’ ವಾಕ್ಯಗಳಲ್ಲಿ ನಿಮಗೆ ಇನ್ನೂ ಅನುಕೂಲ. ‘ನನಗೆ ಹಸಿವು’ ಅನ್ನಲು ‘ಮ್ಯೆ ಫ್ವಾಮೆ’. ‘ನನಗೆ ಬಾಯಾರಿಕೆ’, ‘ಮ್ಯೆ ಸೆತೆ’. ‘ನನಗೆ ಚಳಿ’, ‘ಮ್ಯೆ ಫ್ರಿಗ್’. ‘ನನಗೆ ವಾಕರಿಕೆ’, ‘ಮ್ಯೆ ಗ್ರ್ಯಾತ್ಸ’. ‘ನನಗೆ ಭಯ’, ‘ಮ್ಯೆ ಫ್ರಿಕ’. ಎಲ್ಲದರಲ್ಲೂ ‘ನನಗೆ’ ಮೊದಲು. ಇಂಗ್ಲಿಷಿನ ದಾರಿಯಲ್ಲಿ ಹೋದರೆ ‘ನಾನು ಹಸಿದಿದ್ದೇನೆ’, ‘ನಾನು ಚಳಿಯಾಗಿದ್ದೇನೆ’ ಅಂತ ಸುತ್ತಿಕೊಂಡು ಬರಬೇಕು. ಕನ್ನಡದಿಂದ ನೇರ ದಾರಿ.

ಇದನ್ನು ನಾನು ಕಲಿತದ್ದು ಅವಮಾನದಿಂದ. ಬುಕಾರೆಸ್ಟಿಗೆ ಹೋದ ಹೊಸತು. ಒಬೋರ್ ಮಾರ್ಕೆಟ್ಟಿನಲ್ಲಿ ಸೇಬು ತಗೊಳ್ಳುತ್ತಾ, ನನಗೆ ಸೇಬು ಇಷ್ಟ ಅಂತ ಹೇಳಲು ಹೋಗಿ ‘ಯೆವ್ ಪ್ಲಾಕ್ ಮೆರೆ’ ಅಂದೆ. ಇಂಗ್ಲಿಷಿನ ಕ್ರಮ. ‘ಯೆವ್ ಪ್ಲಾಕ್’ ಅಂದರೆ ‘ನಾನು ಬೇರೆಯವರಿಗೆ ಇಷ್ಟವಾಗುತ್ತೇನೆ’! ಮಾರುವ ಹೆಂಗಸು ಒಂದು ಸೇಬು ಎತ್ತಿ ಹಿಡಿದು, ಇದಕ್ಕೆ ನೀವು ಇಷ್ಟವಾದಿರಾ ಅಂತ ಅದನ್ನೇ ಕೇಳುವ ಹಾಗೆ ನಟಿಸಿ ಅಕ್ಕಪಕ್ಕದವರನ್ನೆಲ್ಲ ನಗಿಸಿದಳು. ಸರಿಯಾದದ್ದು ‘ಇಮ್ ಪ್ಲಾಕ್ ಮೆರೆಲೆ’, ನನಗೆ ಸೇಬುಗಳು ಇಷ್ಟವಾಗುತ್ತವೆ. ಕನ್ನಡದಲ್ಲಿ ಯೋಚಿಸಿದ್ದರೆ ಮೊದಲ ಸಲವೇ ಸರಿಯಾಗುತ್ತಿತ್ತು. ಒಂದೇ ಸೇಬಾದರೆ ‘ಇಮ್ ಪ್ಲಾಚೆ’, ಹಲವಾದರೆ ‘ಇಮ್ ಪ್ಲಾಕ್’. ಕ್ರಿಯಾಪದ ಸೇಬಿನ ಮಾತು ಕೇಳುತ್ತದೆ, ನನ್ನದಲ್ಲ. ನೋವಿಗೂ ಹಾಗೇ: ತಲೆಗೆ ‘ಮ ದ್ವಾರೆ ಕಾಪುಲ್’, ಕಾಲುಗಳಿಗೆ ‘ಮ ದೋರ್ ಪಿಚ್ವಾರೆಲೆ’.

ತಲೆಯ ಜೊತೆ ‘ನನ್ನ’ ಇಲ್ಲ ಅನ್ನುವುದನ್ನೂ ಗಮನಿಸಿ. ನೋಯುತ್ತಿರುವುದು ನನಗೆ ಅಂದಮೇಲೆ ತಲೆ ಇನ್ನು ಯಾರದ್ದಿರುತ್ತೆ? ‘ನನಗೆ ತಲೆ ನೋವು’ ಅನ್ನುವ ನಮಗೂ ‘ನನ್ನ’ ಬೇಡ.

ಕನ್ನಡ ಎಲ್ಲ ಕಡೆ ಕೈಹಿಡಿಯುತ್ತದೆ ಅಂತ ನಂಬಿಸಲಾರೆ. ಎರಡು ಕಡೆ ಅದು ಕಾಲೆಳೆಯುತ್ತದೆ. ನಾವು ವಿವರಣೆಯನ್ನೆಲ್ಲ ಮುಂದೆ ಪೇರಿಸಿ ಕೊನೆಗೆ ನಾಮಪದ ಹೇಳುತ್ತೇವೆ: ‘ನಿನ್ನೆ ರಾತ್ರಿ ಊಟ ಆದಮೇಲೆ ನಾನು ತಗೊಂಡ ಮಾತ್ರೆ’. ಅವರು ಮೊದಲು ಔಷಧಿ ಅಂದುಬಿಡುತ್ತಾರೆ, ವಿವರಣೆ ಆಮೇಲೆ: ‘ಮೆದಿಕಾಮೆಂತುಲ್ ಪೆ ಕಾರೆ ಲಾಮ್ ಲುವಾತ್’, ಔಷಧಿ, ಯಾವುದನ್ನು ನಾನು ಅದನ್ನು ತಗೊಂಡೆನೋ ಅದು. ನಡುವೆ ಆ ‘ಲ್’, ‘ಅದನ್ನು’, ಬಿಟ್ಟರೆ ವಾಕ್ಯ ಕುಂಟುತ್ತದೆ. ಕನ್ನಡದವರು ಇದನ್ನು ಬಿಟ್ಟೇ ಬಿಡುತ್ತಾರೆ, ಯಾಕೆಂದರೆ ‘ತಗೊಂಡ ಮಾತ್ರೆ’ಯಲ್ಲಿ ‘ಅದನ್ನು’ ಎಲ್ಲೂ ಇಲ್ಲ. ನನ್ನ ಸಲಹೆ: ಸದ್ಯಕ್ಕೆ ಇಂಥ ವಾಕ್ಯವನ್ನು ನೀವು ಕಟ್ಟಲು ಹೋಗಬೇಡಿ. ಎರಡಾಗಿ ಒಡೆಯಿರಿ. ‘ಔಷಧಿ ತಗೊಂಡಿರಾ? ಯಾವುದು?’

ಎರಡನೆಯದು, ನಾಮಪದದ ಮುಂದಿನ ಪುಟ್ಟ ಪದ. ನಮ್ಮ ‘-ಅಲ್ಲಿ’, ‘-ಇಂದ’ ಹಿಂದೆ ಬರುತ್ತವೆ, ಅವರ ‘ಇನ್’, ‘ಲಾ’, ‘ದಿನ್’ ಮುಂದೆ. ಇದು ಬೇಗ ರೂಢಿಯಾಗುತ್ತದೆ. ರೂಢಿಯಾಗದ್ದು ಇದು: ರೊಮೇನಿಯನ್ನಿನಲ್ಲಿ ‘ಆ’ ಎಂಬ ನಿರ್ದಿಷ್ಟತೆಯ ಗುರುತು ನಾಮಪದದ ಬಾಲದಲ್ಲಿರುತ್ತದೆ. ‘ಓಮ್’ ಒಬ್ಬ ಮನುಷ್ಯ, ‘ಓಮುಲ್’ ಆ ಮನುಷ್ಯ. ಫ್ರೆಂಚ್, ಇಟಾಲಿಯನ್ ಅಕ್ಕತಂಗಿಯರಲ್ಲಿ ಈ ಬಾಲ ಇಲ್ಲ, ನೆರೆಯ ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳಲ್ಲಿ ಇದೆ. ಅಕ್ಕತಂಗಿಯರಿಗಿಂತ ಪಕ್ಕದ ಮನೆಯವರ ಗಾಳಿ ಜಾಸ್ತಿ ಬೀಸಿದೆ ಅನ್ನಿ. ಆದರೆ ಮುಂದೆ ‘ಲಾ’ ಬಂದರೆ ಬಾಲ ಉದುರುತ್ತದೆ: ‘ಲಾ ಸ್ಪಿತಾಲ್’, ಆಸ್ಪತ್ರೆಯಲ್ಲಿ. ಹಿಂದೆ ವಿಶೇಷಣ ಬಂದರೆ ಬಾಲ ವಾಪಸ್: ‘ಲಾ ಸ್ಪಿತಾಲುಲ್ ನೊವ್’, ಹೊಸ ಆಸ್ಪತ್ರೆಯಲ್ಲಿ. (‘ನೊವ್’ ಅಂದರೆ ಹೊಸದು. ನಮ್ಮ ನೋವಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಮೊದಲ ದಿನ ಎಲ್ಲ ಕನ್ನಡದವರೂ ಬೆಚ್ಚಿಬೀಳುತ್ತಾರೆ.) ‘ಪೆ’ ಆದಮೇಲೂ ಇದೇ ಆಟ: ‘ಲಾಮ್ ಇಂತ್ರೆಬಾತ್ ಪೆ ದೋಕ್ತೊರ್’, ಡಾಕ್ಟರನ್ನು ಕೇಳಿದೆ, ಬಾಲ ಇಲ್ಲ. ಇಲ್ಲಿ ತಪ್ಪಾದರೂ ಯಾರಿಗೂ ಅರ್ಥ ಕೆಡುವುದಿಲ್ಲ. ಸದ್ಯ ಚಿಂತೆ ಬಿಡಿ.

ವಿಶೇಷಣ ಸಾಮಾನ್ಯವಾಗಿ ಹಿಂದೆ ಬರುತ್ತದೆ. ಮುಂದೆ ತಂದರೆ ಭಾವ ಬದಲಾಗುತ್ತದೆ. ‘ಉನ್ ಓಮ್ ಮಾರೆ’ ದಪ್ಪ ಎತ್ತರದ ಆಳು, ‘ಉನ್ ಮಾರೆ ಓಮ್’ ದೊಡ್ಡ ಮನುಷ್ಯ. ‘ಓಮುಲ್ ಸರಾಕ್’ ಕಾಸಿಲ್ಲದ ಬಡವ, ‘ಸರಾಕುಲ್ ಓಮ್’ ಪಾಪ ಆ ಮನುಷ್ಯ. ಅಷ್ಟು ಸಾಕು.

ಪ್ರಶ್ನೆ ಕೇಳುವುದು ತುಂಬಾ ಸುಲಭ. ಹೌದು-ಇಲ್ಲ ಪ್ರಶ್ನೆಗೆ ಕ್ರಮ ಬದಲಿಸಬೇಕಿಲ್ಲ, ಏನನ್ನೂ ಸೇರಿಸಬೇಕಿಲ್ಲ, ದನಿ ಬದಲಿಸಿದರೆ ಮುಗಿಯಿತು. ‘ವಾ ಮಾಯ್ ದುರುತ್?’ ಹಿಂದೆ ಯಾವಾಗಲಾದರೂ ಹೀಗೆ ನೋವು ಬಂದಿತ್ತಾ? ‘ಎಲ್ಲಿ’, ‘ಏನು’, ‘ಯಾವಾಗಿನಿಂದ’ ಇದ್ದರೆ ಅದು ಮೊದಲು, ಅದರ ಬೆನ್ನಿಗೆ ಕ್ರಿಯಾಪದದ ಸಾಲು: ‘ಉಂದೆ ವ ದ್ವಾರೆ?’, ‘ದೆ ಕಿಂದ್ ವ ದ್ವಾರೆ?’ ಕರ್ತೃ ಇದ್ದರೆ ಕೊನೆಗೆ: ‘ಚೆ ಫಾಚೆ ಬೊಲ್ನಾವುಲ್?’, ರೋಗಿ ಹೇಗಿದ್ದಾರೆ? ಪ್ರಶ್ನಾಪದಕ್ಕೂ ಕ್ರಿಯಾಪದಕ್ಕೂ ನಡುವೆ ಕರ್ತೃವನ್ನು ತೂರಿಸಬೇಡಿ.

ವೈದ್ಯೆ ಆಗುವವರು ಎಚ್ಚರವಾಗಿರಬೇಕಾದ ಒಂದು ಜಾಗ ಇದೆ. ‘ಮಾಯ್’ ಒಂದೇ ಬಂದರೆ ‘ಇನ್ನೂ’: ‘ಮ ಮಾಯ್ ದ್ವಾರೆ’, ಇನ್ನೂ ನೋಯುತ್ತಿದೆ. ಮುಂದೆ ‘ನು’ ಬಂದರೆ ತದ್ವಿರುದ್ಧ, ಈಗ ಇಲ್ಲ. ಜೊತೆಗೆ ‘ನುಮಾಯ್’ ಅಂತ ಒಂದೇ ಪದವೂ ಇದೆ, ಅದರ ಅರ್ಥ ‘ಬರೀ’, ‘ಮಾತ್ರ’. ‘ನು ಮಾಯ್ ಆಮ್ ದುರೇರ್’ ಅಂದರೆ ಈಗ ನೋವಿಲ್ಲ. ‘ನುಮಾಯ್ ದುರೇರ್ ಆಮ್’ ಅಂದರೆ ಬರೀ ನೋವೇ ಇರುವುದು! ಕಿವಿಗೆ ಎರಡೂ ಒಂದೇ ಥರ ಬೀಳುತ್ತವೆ. ಬಿಡಿಸಿಕೊಳ್ಳಲು ಇರುವ ದಾರಿ ಪದಗಳ ಕ್ರಮವೇ. ‘ನು ಮಾಯ್’ ಆದ ಕೂಡಲೇ ಕ್ರಿಯಾಪದ ಬಂದರೆ ‘ಇನ್ನಿಲ್ಲ’. ನಾಮಪದವೋ ಹೊತ್ತೋ ಬಂದರೆ ‘ಬರೀ’. ಅನುಮಾನ ಬಂದರೆ ಬರೆದುಕೊಳ್ಳುವ ಮುಂಚೆ ಇನ್ನೊಮ್ಮೆ ಕೇಳಿ, ನಾಚಿಕೆ ಪಡಬೇಡಿ.

ಅಂದಹಾಗೆ, ‘ಏನೂ ಇಲ್ಲ’ ಅನ್ನುವಾಗ ಎರಡು ಸಲ ಇಲ್ಲ ಅನ್ನಬೇಕು. ‘ನಾಮ್ ಲುವಾತ್ ನಿಮಿಕ್’, ಏನೂ ತಗೊಂಡಿಲ್ಲ. ಎರಡು ಇಲ್ಲ ಸೇರಿ ಹೌದು ಆಗುತ್ತೆ ಅಂತ ಇಂಗ್ಲಿಷ್ ಗ್ರಾಮರ್ ಪುಸ್ತಕದಲ್ಲಿ ಓದಿದ್ದನ್ನು ಮರೆತುಬಿಡಿ.

ಈಗ ಕಲಿಯುವುದು ಹೇಗೆ? ಮೂರ್ನಾಲ್ಕು ದಾರಿ ಇವೆ, ಒಂದೊಂದಕ್ಕೂ ಒಂದೊಂದು ಕುಂದು. ಟೀಚರ್ ಹೇಳಿದ ಕ್ರಮವನ್ನೇ ಎಲ್ಲದಕ್ಕೂ ಬಳಸಬಹುದು. ಅರ್ಥವಾಗುತ್ತದೆ, ಆದರೆ ಪ್ರತಿ ವಾಕ್ಯಕ್ಕೂ ‘ಯೆವ್’ (ನಾನು) ಹಚ್ಚುವ ಅಭ್ಯಾಸ ಬೀಳುತ್ತದೆ. ಕ್ರಿಯಾಪದದಲ್ಲೇ ‘ನಾನು’ ಇರುವಾಗ ಮತ್ತೆ ‘ಯೆವ್’ ಅಂದರೆ ‘ನಾನೇ, ಬೇರೆ ಯಾರೂ ಅಲ್ಲ’ ಅಂದ ಹಾಗೆ ಕೇಳಿಸುತ್ತದೆ. ಕೇಳುವ ಕಿವಿಯೂ ಬೆಳೆಯುವುದಿಲ್ಲ. ವ್ಯಾಕರಣದ ಕೋಷ್ಟಕ ಬಾಯಿಪಾಠ ಮಾಡಬಹುದು, ಪರೀಕ್ಷೆಗೆ ಒಳ್ಳೆಯದು. ರೋಗಿಯ ಮುಂದೆ ನಿಂತಾಗ ಕೋಷ್ಟಕದಿಂದ ಪದ ಹೆಕ್ಕುವಷ್ಟರಲ್ಲಿ ಅವರು ಆ ಕಡೆ ತಿರುಗಿ ಮಲಗಿರುತ್ತಾರೆ.

ಫೋನಿನ ತರ್ಜುಮೆ ಆ್ಯಪ್ ಬಗ್ಗೆ ನನಗೆ ಸ್ವಲ್ಪ ಭಯವಿದೆ. ಇಂಗ್ಲಿಷಿನಲ್ಲಿ ನೀನು-ನೀವು ಎರಡೂ ಒ‌ಂದೇ. ಆ್ಯಪ್ ಕೆಲವೊಮ್ಮೆ ‘ತೆ ದ್ವಾರೆ’ ಕೊಡುತ್ತದೆ, ನಿನಗೆ ನೋಯುತ್ತಾ. ಎಪ್ಪತ್ತರ ಅಜ್ಜಿಗೆ ನೀವು ಹಾಗೆ ಏಕವಚನದಲ್ಲಿ ಕೇಳಿದರೆ ತೀರ್ಥಹಳ್ಳಿಯಲ್ಲಿ ಏನಾಗುತ್ತೋ ಅಲ್ಲೂ ಅದೇ ಆಗುತ್ತದೆ. ಒಂದು ಪದ ಹುಡುಕಲು ಆ್ಯಪ್ ಇರಲಿ, ವಾಕ್ಯಕ್ಕೆ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ವಾರ್ಡಿಗೆ ಬೇಕಾದ ನಲವತ್ತು ವಾಕ್ಯಗಳನ್ನು ಇಡಿಯಾಗಿ, ಬಿಡಿಸದೆ, ಹಾಡಿನ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಕುಂದು ಗೊತ್ತಿರಲಿ: ನಿಮ್ಮ ಪ್ರಶ್ನೆ ಸರಿಯಾಗಿರುತ್ತದೆ, ಅವರ ಉತ್ತರ ನಿಮ್ಮ ನಲವತ್ತರಲ್ಲಿ ಇರುವುದಿಲ್ಲ. ಅದಕ್ಕೆ ದಿನಾ ಹತ್ತು ನಿಮಿಷ ಮೇಲೆ ‘ದ್ವಾರೆ’ಯನ್ನು ಬೆಳೆಸಿದ ಹಾಗೆ ಒಂದೊಂದೇ ಕ್ರಿಯಾಪದ ಬೆಳೆಸಿ. ಇವತ್ತು ‘ಕೊಡು’, ನಾಳೆ ‘ತಗೊ’, ನಾಡಿದ್ದು ‘ನೋಡು’. ಬರೀ ಕ್ರಿಯಾಪದ, ಅದಕ್ಕೆ ‘ನನಗೆ’, ಅದಕ್ಕೆ ‘ನು’, ಅದಕ್ಕೆ ‘ಮಾಯ್’, ಅದಕ್ಕೆ ಭೂತಕಾಲ. ಜೋರಾಗಿ ಹೇಳಿ, ಬರೆಯಬೇಡಿ. ಬರೆದರೆ ಮತ್ತೆ ಪದಗಳ ನಡುವೆ ಜಾಗ ಬಂದುಬಿಡುತ್ತದೆ. ದೊಡ್ಡ ಪದಗಳನ್ನು ಆಮೇಲೆ ಹಿಂದೆ ಮುಂದೆ ಎಲ್ಲಿ ಬೇಕಾದರೂ ಸೇರಿಸಿ ಆಟವಾಡಿ.

ಇನ್ನು ನಿಮ್ಮ ತಾತ. ‘ಸರುತ್ ಮಿನಾ’ ಅಂದರೆ ‘ಕೈಗೆ ಮುತ್ತಿಡುತ್ತೇನೆ’. ಹಳೆಯ ಕಾಲದ ಗಂಡಸರು ಹೆಂಗಸರಿಗೆ ಹೇಳುವ ನಮಸ್ಕಾರ, ಮಕ್ಕಳೂ ದೊಡ್ಡವರಿಗೆ ಹೇಳುತ್ತಾರೆ. ‘ಸರುತ್’ನಲ್ಲಿ ‘ನಾನು’ ಅಡಗಿದೆ, ಹಾಗಾಗಿ ‘ಯೆವ್’ ಬೇಡ. ‘ಮಿನ’ ಅಂದರೆ ಕೈ, ಬಾಲದ ‘ಆ’ ಸೇರಿ ‘ಮಿನಾ’. ಯಾರ ಕೈ ಅನ್ನುವುದು ಎದುರಿಗೇ ಇದೆಯಲ್ಲ, ‘ನಿಮ್ಮ’ ಬೇಡ. ಸರಿಯಾಗಿ ಕಿವಿಗೊಟ್ಟರೆ ಅವರು ಅದರ ಹಿಂದೆ ‘ದ್ವಾಮ್ನ ದೋಕ್ತೊರ್’ ಅಂತಲೂ ಸೇರಿಸುತ್ತಿರಬಹುದು. ಡಾಕ್ಟರಮ್ಮ ಅಂತ. ಕೈ ಚಾಚುವುದೇನೂ ಬೇಡ, ನಕ್ಕು ‘ಬುನ ಜ಼ಿವಾ’ ಅನ್ನಿ, ಆಮೇಲೆ ‘ವ ಮಾಯ್ ದ್ವಾರೆ?’ ಅಂತ ಕೇಳಿ.